ಬಣ್ಣ ಹಿಡಿಯದ ಸಾಕ್ಷಿ

ಬೆಳಿಗ್ಗೆಯಿಂದ ಮೂರನೆಯ ಸಲ ಮೇಣದ ಪಟ್ಟಿ ನಡುವೆ ಸೀಳಿಹೋಯಿತು. ಬ್ಲೇಡು ಹೊಸದು, ಬ್ಲಾಕು ಮಂಜುಗಡ್ಡೆಯ ಮೇಲೆ ಚೆನ್ನಾಗಿ ತಣಿದಿತ್ತು, ಯಂತ್ರದ ಚಕ್ರಕ್ಕೆ ಕಳೆದ ವಾರವಷ್ಟೇ ಎಣ್ಣೆ ಬಿದ್ದಿತ್ತು. ಕೆಟ್ಟಿದ್ದು ಕೈ. ಇಪ್ಪತ್ತಾರು ವರ್ಷ ಈ ಕೈ ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕತ್ತರಿಸಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿಗೆ ಎತ್ತಿಕೊಂಡಿತ್ತು. ಅದಕ್ಕೇ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಮೇಣದಕ್ಕ ಅನ್ನುತ್ತಿದ್ದರು. ಮೊದಲು ಪ್ರೀತಿಯಿಂದ ಬಂದ ಹೆಸರು. ಈಗ ಕರೆಯುವವರಿಗೆ ಅದರಲ್ಲಿ ಏನಿದೆಯೆಂದು ನೆನಪಿಲ್ಲ. ಅವಳಿಗೆ ಮಾತ್ರ ಇತ್ತೀಚೆಗೆ ಪ್ರತಿ ಸಲ ಕೇಳಿದಾಗಲೂ ಯಾರೋ ಗಲ್ಲಕ್ಕೆ ಬೆರಳಿಂದ ತಿವಿದಂತಾಗುತ್ತಿತ್ತು. ಸೀಳಿದ ಪಟ್ಟಿಯನ್ನು ಬ್ರಷ್ಷಿನಿಂದ ಕಸದ ಡಬ್ಬಿಗೆ ತಳ್ಳಿದಳು. ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ನಿನ್ನೆಯವರೆಗೆ ಸುಲಭವಾಗಿ ಹೇಳಿಬಿಡುತ್ತಿದ್ದಳು. ದೊಡ್ಡಮ್ಮನ ಮೇಲೆ, ತಮ್ಮನ ಕಾಯಿಲೆ ವಿಚಾರಿಸಲು ಫೋನು ಮಾಡಿದಾಗಲೆಲ್ಲ “ಅವನಿಗೆ ಮೂಗಿನ ತುದಿಯಲ್ಲೇ ಕೋಪ, ಅದೇ ಒಳಗೊಳಗೆ ಗಂಟು ಕಟ್ಟಿದೆ” ಅನ್ನುವವಳ ಮೇಲೆ. ಹೊರಗಿನ ತಿಂಡಿಯ ಮೇಲೆ ತಪ್ಪು ಹೊರಿಸುವ ಭಾವನ ಮೇಲೆ. ನಿನ್ನೆ ಸಂಜೆಯಿಂದ ಆ ಸಿಟ್ಟು ಅವರನ್ನೆಲ್ಲ ಬಿಟ್ಟು ಬೇರೆ ಯಾರನ್ನೋ ಹುಡುಕುತ್ತಿತ್ತು.

ನಿನ್ನೆ ಕ್ಯಾನ್ಸರ್ ಡಾಕ್ಟರಮ್ಮನ ಕೋಣೆಯಲ್ಲಿ ಅವಳು ಬಿಳಿ ಕೋಟು ಹಾಕಿಕೊಂಡಿರಲಿಲ್ಲ. ಒಂದೇ ಕಟ್ಟಡ, ಎರಡು ಮಹಡಿ ಮೇಲೆ, ಆದರೂ ಡಾಕ್ಟರಮ್ಮ ಅವಳನ್ನು ಗುರುತಿಸಲಿಲ್ಲ. “ಪೇಷಂಟ್ ಜೊತೆ ಒಬ್ರೇ ಇರ್ಬೇಕು” ಅಂದಳು. ತಮ್ಮನ ಹೆಂಡತಿ, “ಇರ್ಲಿ ಮೇಡಂ, ಅತ್ತಿಗೆಗೆ ಇದೆಲ್ಲ ಅರ್ಥ ಆಗುತ್ತೆ” ಅಂದಿದ್ದರಿಂದ ಬಾಗಿಲ ಪಕ್ಕದಲ್ಲಿ ನಿಲ್ಲುವುದಕ್ಕೆ ಜಾಗ ಸಿಕ್ಕಿತು. ತಮ್ಮ ಕುರ್ಚಿಯಲ್ಲಿ ಕೂತಿದ್ದ. ಆರು ಸುತ್ತು ಔಷಧಿ ಏರಿಸಿದ ಮೇಲೆ ಕರಗಿದ್ದ ಕುತ್ತಿಗೆಯ ಗಂಟು ಎರಡೇ ತಿಂಗಳಿಗೆ ಮರಳಿ ಬಂದು, ಮುಷ್ಟಿಯಷ್ಟಾಗಿ, ತಲೆಯನ್ನು ಒಂದು ಕಡೆಗೆ ತಳ್ಳಿತ್ತು. ಯಾರದೋ ಮಾತನ್ನು ಅನುಮಾನದಿಂದ ಕೇಳಿಸಿಕೊಳ್ಳುವವನ ಹಾಗೆ ಕಾಣುತ್ತಿದ್ದ. ಲಿಂಫೋಮಾ, ದುಗ್ಧಗ್ರಂಥಿಗಳ ಕ್ಯಾನ್ಸರು. ಡಾಕ್ಟರಮ್ಮ ಹಾಳೆಯ ಮೇಲೆ ಒಂದು ದುಂಡಗಿನ ಗೆರೆ ಎಳೆದು ವಿವರಿಸಿದಳು. “ಇದು ಜೀವಕೋಶ ಅಂತಿಟ್ಕೊಳ್ಳಿ. ಒಳಗೆ ಕೈನೇಸ್ ಅಂತ ಒಂದು ಜಾತಿ ಪ್ರೋಟೀನ್ ಇರುತ್ತೆ. ಅದರ ಕೆಲಸ ಅಪ್ಪಣೆ ದಾಟಿಸೋದು. ಪಕ್ಕದ ಪ್ರೋಟೀನಿಗೆ ಒಂದು ಚೂರು ಫಾಸ್ಫೇಟ್ ಅಂಟಿಸುತ್ತೆ, ಅದು ಎಚ್ಚರಾಗಿ ಇನ್ನೊಂದನ್ನ ಎಬ್ಬಿಸುತ್ತೆ. ಹೀಗೇ ಹೋಗಿ ಕೊನೆಗೆ ಕೋಶ ಒಡೆದು ಎರಡಾಗುತ್ತೆ. ಹೊರಗಿಂದ ಕರೆ ಬಂದಾಗ ಮಾತ್ರ ಇದು ಆಗ್ಬೇಕು, ಕರೆ ನಿಂತ್ಮೇಲೆ ಸುಮ್ಮನಾಗ್ಬೇಕು. ಕೆಲವರಲ್ಲಿ ಎರಡು ವರ್ಣತಂತು ಮುರಿದು ತಪ್ಪಾಗಿ ಬೆಸೆದುಕೊಳ್ತವೆ. ಕೈನೇಸಿನ ಅರ್ಧಕ್ಕೆ ಬೇರೆ ಯಾವುದೋ ಪ್ರೋಟೀನಿನ ಅರ್ಧ ಬಂದು ಕೂತ್ಕೊಳ್ಳುತ್ತೆ. ಆಮೇಲೆ ಅದು ಕರೆಗೆ ಕಾಯಲ್ಲ. ಒಡಿ, ಬೆಳಿ, ಸಾಯಬೇಡ ಅಂತ ಹೇಳ್ತಾನೇ ಇರುತ್ತೆ.”

“ಕಾಂಟ್ಯಾಕ್ಟರ್ ವೆಲ್ಡ್ ಆದಂಗೆ,” ಅಂದ ತಮ್ಮ. ಅವನು ಲಿಫ್ಟು ರಿಪೇರಿ ಮಾಡುವವನು. “ಒಳಗಿನ ಸ್ವಿಚ್ಚು ಅಂಟಿಕೊಂಡ್ರೆ ಬಟನ್ ಬಿಟ್ರೂ ಮೋಟರ್ ನಿಲ್ಲಲ್ಲ. ಲಿಫ್ಟು ಕೊನೇ ಮಹಡಿ ದಾಟಿ ಹೋಗಿ ಮೇಲಿನ ಚಾವಣಿಗೆ ಗುದ್ದುತ್ತೆ.”

“ಸರಿಯಾಗಿ ಹೇಳಿದ್ರಿ.”

“ಹಾಗಾದ್ರೆ ಮೇನ್ ಆಫ್ ಮಾಡಿ ಮೇಡಂ.”

ಡಾಕ್ಟರಮ್ಮ ನಕ್ಕು, ನಕ್ಕದ್ದಕ್ಕೆ ನಾಚಿಕೊಂಡಂತೆ ಪೆನ್ನಿನ ಮುಚ್ಚಳ ಹಾಕಿದಳು. ಆ ಕೈನೇಸಿನ ಬಾಯಲ್ಲೇ ಹೋಗಿ ಕೂತು ಅದರ ಮಾತು ನಿಲ್ಲಿಸುವ ಮಾತ್ರೆ ಇದೆ, ಆದರೆ ಅದು ಕೆಟ್ಟ ಕೈನೇಸ್ ಇರುವವರಿಗೆ ಮಾತ್ರ, ನಿಮ್ಮ ಹಳೆಯ ರಿಪೋರ್ಟಿನಲ್ಲಿ ಅದು ಇಲ್ಲವೆಂದು ಬಂದಿದೆ, ಇಲ್ಲದ್ದನ್ನು ತಡೆಯುವುದಕ್ಕೆ ಮಾತ್ರೆ ಕೊಟ್ಟು ಏನು ಪ್ರಯೋಜನ ಅಂದಳು. ಫೈಲನ್ನು ಅವರ ಕಡೆ ತಿರುಗಿಸಿದಳು. ತಮ್ಮ ನೋಡಲಿಲ್ಲ, ಅವನ ಹೆಂಡತಿ ನೋಡಿದರೂ ತಿಳಿಯಲಿಲ್ಲ. ಬಾಗಿಲ ಪಕ್ಕದಲ್ಲಿ ನಿಂತಿದ್ದವಳು ಮಾತ್ರ ಮುಂದಕ್ಕೆ ಬಾಗಿ ಸಂಖ್ಯೆಯನ್ನೂ ತಾರೀಕನ್ನೂ ಓದಿದಳು. ಹನ್ನೊಂದು ತಿಂಗಳ ಹಿಂದಿನ ಒಂದು ಸೋಮವಾರ. ಆ ಸೋಮವಾರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿಲ್ಲದೆ ಇದ್ದದ್ದು ಆ ದಿನದ ಐದು ಚೂರುಗಳಲ್ಲಿ ಒಂದು ತನ್ನ ತಮ್ಮನದೆಂದು. ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆಯಿರುತ್ತದೆ. ಅಪ್ಪನ ಕೊನೆಯ ವಾರದಲ್ಲಿ ತಮ್ಮ, “ಉಸಿರಿನ ಯಂತ್ರ ತೆಗೆಸು, ಮನೆಗೆ ಕರ್ಕೊಂಡು ಹೋಗೋಣ” ಅಂದಿದ್ದ. ಅವಳು, “ಆಸ್ಪತ್ರೆ ವಿಷಯ ನಿಂಗೇನು ಗೊತ್ತು” ಅಂದಿದ್ದಳು. ಅಪ್ಪ ಯಂತ್ರದ ನಡುವೆಯೇ ಹೋಗಿದ್ದ. ಅಲ್ಲಿಂದ ಇಬ್ಬರ ನಡುವೆ ಮಾತಿಲ್ಲ. ಕುತ್ತಿಗೆಯಲ್ಲಿ ಗಂಟು ಎದ್ದಾಗ ಅವನು ಅಕ್ಕ ಕೆಲಸ ಮಾಡುವ ಆಸ್ಪತ್ರೆಗೇ ಬಂದು, ಅಕ್ಕನ ಕಣ್ಣು ತಪ್ಪಿಸಿ ಚೂರು ತೆಗೆಸಿಕೊಂಡು ಹೋಗಿದ್ದ. ನಾಲ್ಕನೆಯ ಸುತ್ತಿನ ಹೊತ್ತಿಗೆ ಅವನ ಹೆಂಡತಿ ಕದ್ದು ಫೋನು ಮಾಡಿದಾಗಲೇ ಅವಳಿಗೆ ತಿಳಿದದ್ದು. ಓಡಿಹೋಗಿ ನೋಡಿದಾಗ ಬೋಳುತಲೆಯವನೊಬ್ಬ, “ಬಂದ್ಯಾ, ಕೂತ್ಕೋ” ಅಂದಿದ್ದ, ನಿನ್ನೆ ಬಿಟ್ಟ ಮಾತನ್ನು ಇವತ್ತು ಮುಂದುವರಿಸುವವನ ಹಾಗೆ. ಅಷ್ಟು ಹಗುರಾಗಿ ಕ್ಷಮಿಸಿದ್ದಕ್ಕೂ ಆಗ ಅವಳಿಗೆ ಸಿಟ್ಟು ಬಂದಿತ್ತು.

ಇಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಸ್ಲೈಡು ಇಡುವ ಕೋಣೆಗೆ ಹೋದಳು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಉಕ್ಕಿನ ಡ್ರಾಯರುಗಳು, ಸಾವಿರಾರು ಜನ ಗಾಜಿನ ನಡುವೆ ಚಪ್ಪಟೆಯಾಗಿ ಮಲಗಿದ್ದಾರೆ. ಆ ಸೋಮವಾರದ ಟ್ರೇ ಸಿಗುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಬಣ್ಣ ಹಾಕುವಾಗ ರೋಗಿಗಳ ಸ್ಲೈಡುಗಳ ಜೊತೆ ಇನ್ನೊಂದು ಸ್ಲೈಡು ಹೋಗುತ್ತದೆ. ಆ ಕೆಟ್ಟ ಕೈನೇಸ್ ಖಂಡಿತ ಇದೆಯೆಂದು ಮೊದಲೇ ಗೊತ್ತಿರುವ ಹಳೆಯ ಚೂರು. ಕಂಟ್ರೋಲ್ ಅನ್ನುತ್ತಾರೆ. ಅವಳು ಮನಸ್ಸಿನಲ್ಲಿ ಅದನ್ನು ಸಾಕ್ಷಿ ಅನ್ನುತ್ತಿದ್ದಳು. ಸಾಕ್ಷಿ ಕಂದು ಬಣ್ಣಕ್ಕೆ ತಿರುಗಿದರೆ ಬಣ್ಣದ ಔಷಧ ಸರಿಯಾಗಿದೆ, ಉಳಿದವುಗಳ ಮಾತನ್ನು ನಂಬಬಹುದು. ಸಾಕ್ಷಿಯೇ ಬಿಳಿಚಿಕೊಂಡರೆ ಆ ದಿನದ ಎಲ್ಲ ‘ಇಲ್ಲ’ಗಳೂ ಸುಳ್ಳು. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಳು. ಬರಿಗಣ್ಣಿಗೇ ಕಾಣುತ್ತಿತ್ತು. ಹಿನ್ನೆಲೆಯ ತೊಳೆದ ನೀಲಿಯಷ್ಟೇ, ಒಂದು ಚುಕ್ಕೆ ಕಂದು ಇಲ್ಲ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅವಳದೇ ಇನಿಷಿಯಲ್ಲು, ದುಂಡಗೆ, ಹೆಮ್ಮೆಯಿಂದ ಬರೆದದ್ದು.

ಅದನ್ನು ಇಂದೇ ಮೊದಲ ಸಲ ನೋಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುವುದಕ್ಕೆ ಅರ್ಧ ಕ್ಷಣ ಪ್ರಯತ್ನಿಸಿದಳು. ಆಗಲಿಲ್ಲ. ಅದರ ಹಿಂದಿನ ವಾರದ ಕೊನೆಯಲ್ಲಿ ಫ್ರಿಜ್ಜು ಕೆಟ್ಟು ಎರಡು ದಿನ ನಿಂತಿತ್ತು. ಸೋಮವಾರ ಬೆಳಿಗ್ಗೆ ಬಣ್ಣ ಹಿಡಿಸುವ ಆಂಟಿಬಾಡಿಯ ಬಾಟಲಿ ಮುಟ್ಟಿದರೆ ಬೆಚ್ಚಗೆ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಲ್ಯಾಬಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಹತ್ತಿರ ಹೋಗಿದ್ದಳು. ಅವರ ಸುತ್ತ ಏಳೆಂಟು ವಿದ್ಯಾರ್ಥಿಗಳು. “ಸರ್, ಇದು ಹಾಳಾಗಿರಬಹುದು, ಹೊಸದು ಬರೋವರೆಗೂ ನಿಲ್ಲಿಸೋಣ” ಅಂದಳು. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ, “ಉಪ್ಪು ಹಳೇದಾಯ್ತು ಅಂತ ಅಡುಗೆಯವಳು ಊಟ ನಿಲ್ಲಿಸ್ತಾಳೇನಮ್ಮ? ಮೇಣ ಕತ್ತರಿಸೋರು ಮೇಣ ಕತ್ತರಿಸಿ, ಯೋಚನೆ ಮಾಡೋಕೆ ನಾವಿದ್ದೀವಿ” ಅಂದರು. ಹುಡುಗರು ನಕ್ಕರು. ಕನ್ನಡಕದ ಹುಡುಗಿಯೊಬ್ಬಳು ನಗದೆ ನೆಲ ನೋಡಿದಳು. ಆ ಕನಿಕರ ನಗುವಿಗಿಂತ ಹೆಚ್ಚು ಉರಿಯಿತು. ವಾಪಸು ಬಂದು ಅದೇ ಬಾಟಲಿಯಿಂದ ಬಣ್ಣ ಹಾಕಿದಳು. ಸಂಜೆ ಸಾಕ್ಷಿ ಬಿಳಿಚಿಕೊಂಡು ಹೊರಬಂತು. ನೋಡಿದಳು. ನೋಡಿ, ಬೇಕೆಂದೇ, ಅದನ್ನು ಟ್ರೇಯ ಮೊದಲ ಸಾಲಿನಲ್ಲಿ ಇಟ್ಟು ಕಳಿಸಿದಳು. ಕಣ್ಣಿದ್ದರೆ ತಾನೇ ನೋಡಲಿ, ನೋಡಿ ನನ್ನ ಹತ್ತಿರ ಬರಲಿ, ಬಂದು ಕೇಳಲಿ. ಇಡೀ ಮರುದಿನ ಅವರು ಬರುವುದನ್ನೇ ಕಾದಳು. ಹೇಳಬೇಕಾದ ಮಾತನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಅವರು ಬರಲಿಲ್ಲ. ಅವರು ಸಾಕ್ಷಿಯನ್ನು ನೋಡಲೇ ಇಲ್ಲ. ಐದು ರಿಪೋರ್ಟುಗಳೂ ‘ಇಲ್ಲ’ ಎಂದು ಸಹಿಯಾಗಿ ಹೋದವು. ವಾರ ಕಳೆದು ಹೊಸ ಬಾಟಲಿ ಬಂತು. ಅವಳ ಸಿಟ್ಟು ತಣಿಯಿತು, ಸಿಟ್ಟಿನ ಜೊತೆ ಆ ಐದು ಸಂಖ್ಯೆಗಳೂ ಮರೆತುಹೋದವು. ಮರೆತದ್ದು ಹೇಗೆ ಎಂದು ಈಗ, ಆ ಕೋಣೆಯಲ್ಲಿ ಬೆನ್ನಿಗೆ ಡ್ರಾಯರಿನ ಹಿಡಿ ಒತ್ತುತ್ತಿರುವಾಗ, ಅವಳಿಗೆ ಅರ್ಥವಾಗಲಿಲ್ಲ. ಅವು ಯಾರದೋ ಆಗಿದ್ದವು, ಅಷ್ಟೇ.

ದೊಡ್ಡ ಡಾಕ್ಟರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಸ್ಲೈಡನ್ನು ಮೇಜಿನ ಮೇಲೆ ಇಟ್ಟಳು. ಅವರು ಬೆಳಕಿಗೆ ಹಿಡಿದು, ತಾರೀಕು ನೋಡಿ, ಮೆಲ್ಲಗೆ ಕೆಳಗಿಟ್ಟರು. ಅವರಿಗೂ ಬರಿಗಣ್ಣಿಗೇ ಕಂಡಿತು.

“ಇನಿಷಿಯಲ್ ಯಾರದ್ದು?”

“ನಂದೇ ಸರ್.”

“ಹಾಗಾದ್ರೆ?”

“ರಿಪೋರ್ಟ್ ಮೇಲಿನ ಸಹಿ ನಿಮ್ದು.”

ಅವರು ಎದ್ದು ಬಾಗಿಲು ಹಾಕಿಬಂದರು. ಗದರಿಸಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅದಕ್ಕೆ ಮೈ ಒಗ್ಗಿತ್ತು. ಅವರ ದನಿ ಮೆತ್ತಗಾಯಿತು. ಯಾಕೆ ಇದೆಲ್ಲ ಈಗ ಅಂದರು; ತಮ್ಮನ ವಿಷಯ ಹೇಳಿದಳು. “ಅಯ್ಯೋ, ನಿಮ್ಮ ತಮ್ಮ ಅಂತ ಮೊದ್ಲೇ ಹೇಳ್ಬಾರದಾಗಿತ್ತೇನಮ್ಮ? ಮನೆಯವರ ವಿಷಯ ಅಂದ್ಮೇಲೆ ಬೇರೆ. ಅವನ ಬ್ಲಾಕ್ ತೆಗೆದು ಇವತ್ತೇ ಮತ್ತೆ ಬಣ್ಣ ಹಾಕಿ. ಬಂತು ಅಂದ್ರೆ ಸಂಜೆನೇ ತಿದ್ದಿದ ರಿಪೋರ್ಟ್ ಕೊಡ್ತೀನಿ, ನಾನೇ ಮೇಲೆ ಮಾತಾಡ್ತೀನಿ.”

“ಇನ್ನು ನಾಲ್ಕು ಸರ್?”

“ಯಾವ ನಾಲ್ಕು?”

ಅವರು ನಿಜವಾಗಿಯೂ ಕೇಳಿದ್ದರು. ಅವಳು ಹೇಳಿದಾಗ ಮುಖದ ಮೇಲೆ ಬೇಸರ ಬಂತು, ಹೆದರಿಕೆಯೂ ಅಲ್ಲ, ಬೇಸರ. “ಹೋದ ವರ್ಷದ್ದು. ಯಾರೂ ಕೇಳಿಲ್ಲ. ಸತ್ತ ಹಾವನ್ನ ಯಾಕೆ ಹೊಡೀತೀರಿ? ಕೆದಕಿದ್ರೆ ನಾತ ಮೊದ್ಲು ನಿಮ್ಮ ಕೈಗೇ ಹತ್ತೋದು.”

“ಹತ್ತಿದೆ ಸರ್,” ಅಂದಳು. ಅವರಿಗೆ ಕೇಳಿಸಿತೋ ಇಲ್ಲವೋ. ಬ್ಲಾಕುಗಳ ಬೀರುವಿನ ಹತ್ತಿರ ಹೋಗುವವರೆಗೂ ತಮ್ಮನದೊಂದನ್ನೇ ತೆಗೆಯಬೇಕೆಂದು ಅವಳು ಒಪ್ಪಿಕೊಂಡಾಗಿತ್ತು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನು ಬದುಕಬೇಕು, ಅಷ್ಟು ಸಾಕು, ಲೋಕದ ಭಾರ ಹೊರುವುದಕ್ಕೆ ಅವಳೇನು ಆದಿಶೇಷನೇ. ಅವನ ಬ್ಲಾಕು ಕೈಗೆ ಬಂತು. ಬೆರಳುಗುರಿನಷ್ಟು ಮಾಂಸ, ಹಳದಿ ಮೇಣದೊಳಗೆ. ಬೀರು ಮುಚ್ಚಲು ಹೋದಾಗ ಯಾವ ನಾಲ್ಕು ಎಂಬ ಆ ದನಿ ಮತ್ತೆ ಕೇಳಿತು, ಮತ್ತು ಅದು ದೊಡ್ಡ ಡಾಕ್ಟರ ದನಿಯಾಗಿರಲಿಲ್ಲ. ಹನ್ನೊಂದು ತಿಂಗಳು ಹಾಗೆ ಕೇಳುತ್ತ ಬಂದವಳು ತಾನೇ. ಹಾಳಾಗಿ ಹೋಗಲಿ ಎಂದು ಗಟ್ಟಿಯಾಗಿ ಹೇಳಿಕೊಂಡು ಉಳಿದ ನಾಲ್ಕನ್ನೂ ಎಳೆದು ತೆಗೆದಳು. ಅದು ಧರ್ಮಬುದ್ಧಿಯೇನಲ್ಲ. ಹಲ್ಲು ಕಚ್ಚಿಕೊಂಡೇ ತೆಗೆದಳು, ಯಾರನ್ನೋ ಹೊಡೆಯಲು ಕಲ್ಲು ಆರಿಸುವವಳ ಹಾಗೆ.

ಈ ಸಲ ಪಟ್ಟಿ ಸೀಳಲಿಲ್ಲ. ಐದನ್ನೂ ಕತ್ತರಿಸಿ, ಆರನೆಯದಾಗಿ ಸಾಕ್ಷಿಯನ್ನಿಟ್ಟು, ಓವನ್ನಿನಲ್ಲಿ ಒಣಗಿಸಿ, ಮೇಣ ಕರಗಿಸಿ, ಕುದಿಯುವ ದ್ರಾವಣದಲ್ಲಿಟ್ಟು, ತಣಿಸಿ, ತೊಳೆದು, ಹೊಸ ಬಾಟಲಿಯಿಂದ ಹನಿ ಹನಿ ಹಾಕಿದಳು. ಯಾರೋ ಚಹಾ ತಂದಿಟ್ಟರು, ಆರಿ ಕೆನೆ ಕಟ್ಟಿತು. ಸಂಜೆ ನಾಲ್ಕೂವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂತಳು. ಮೊದಲು ಸಾಕ್ಷಿ: ಗಾಢ ಕಂದು. ಆಮೇಲೆ ತಮ್ಮನದು. ದೊಡ್ಡ ದೊಡ್ಡ ಕೋಶಗಳು, ಅಂಕೆ ತಪ್ಪಿದವು, ಒಂದರ ಮೇಲೊಂದು ಬಿದ್ದುಕೊಂಡು, ಒಳಗೂ ಹೊರಗೂ ಸುಟ್ಟ ಬೆಲ್ಲದ ಬಣ್ಣ. ಆ ಕೈನೇಸ್ ಅಲ್ಲಿ ಇತ್ತು. ರಕ್ತದ ಕೋಶಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ. ಇರಬಾರದ ಜಾಗದಲ್ಲಿ ಅರ್ಧ ಮೈ ಕಡ ತಂದುಕೊಂಡು ಕೂತು, ಹಗಲೂ ಇರುಳೂ ಕೂಗುತ್ತ, ಅವಳ ತಮ್ಮನ ಕುತ್ತಿಗೆಯನ್ನು ಓರೆ ಮಾಡಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ಒಡಹುಟ್ಟಿದವನ ಮೈಯಲ್ಲಿ ಇಂಥದ್ದೊಂದು ಇದೆಯೆಂದು ಕಂಡು ಹಿಗ್ಗುವ ಸ್ಥಿತಿಗೆ ತಂದಿಟ್ಟವರು ಯಾರು ಎಂದು ಮರುಕ್ಷಣ ಮತ್ತೆ ಮೈ ಉರಿಯಿತು. ಮುಂದಿನ ಮೂರು ಸ್ಲೈಡುಗಳು ಪ್ರಾಮಾಣಿಕವಾಗಿ ನೀಲಿ. ಅವರ ‘ಇಲ್ಲ’ ನಿಜವಾದ ಇಲ್ಲ. ಕೊನೆಯದನ್ನು ಇಟ್ಟು ಫೋಕಸ್ ತಿರುಗಿಸಿದಳು. ಕಂದು.

ದಾಖಲೆ ವಿಭಾಗದ ಗುಮಾಸ್ತ ಆ ಕೊನೆಯ ಸ್ಲೈಡಿನ ಸಂಖ್ಯೆ ಒತ್ತಿ, ಪರದೆ ನೋಡಿ, “ಇದು ಕ್ಲೋಸ್ ಆಗಿದೆಯಲ್ಲ” ಅಂದ. “ಯಾವಾಗ?” “ಐದು ತಿಂಗಳಾಯ್ತು. ಗಂಡಸು, ನಲವತ್ತನಾಲ್ಕು ವರ್ಷ. ಕಾಯಿಲೆ ಮತ್ತೆ ಬಂದಿತ್ತಂತೆ, ಆಮೇಲೆ ಉಳೀಲಿಲ್ಲ.” ಅವಳು ವಿಳಾಸ ಬರೆದುಕೊಂಡಳು.

ದೊಡ್ಡ ಡಾಕ್ಟರು ಎರಡು ಸ್ಲೈಡನ್ನೂ ನೋಡಿ ತಮ್ಮನ ರಿಪೋರ್ಟಿಗೆ ತಡಮಾಡದೆ ಸಹಿ ಹಾಕಿದರು. ಇನ್ನೊಂದನ್ನು ಬೆರಳ ತುದಿಯಿಂದ ಅವಳ ಕಡೆಗೆ ಸರಿಸಿದರು. “ಇದನ್ನ ಓದೋರು ಯಾರು?”

“ಮನೆಯವರಿದ್ದಾರೆ.”

“ಸಹಿ ಹಾಕದಿದ್ರೆ?”

“ಆರೂ ಸ್ಲೈಡು, ಹಳೇ ಸಾಕ್ಷಿನೂ ಸೇರಿಸಿ, ಡಾಕ್ಟರಮ್ಮನ ಮೇಜಿನ ಮೇಲಿಡ್ತೀನಿ ಸರ್. ನಾನು ನೋಡಿಯೂ ಸುಮ್ಮನಿದ್ದೆ ಅಂತ ಬರೆದು ಕೊಡ್ತೀನಿ. ನೀವು ನೋಡೇ ಇಲ್ಲ ಅಂತಾನೂ.” ಅವರು ಅವಳನ್ನು ಬಹಳ ಹೊತ್ತು ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಸಹಿ ಹಾಕಿದರು. ಮುಂದಿನ ವಾರ ಅವಳ ಕೈಗೊಂದು ಪತ್ರ ಬಂತು: ಕರ್ತವ್ಯದಲ್ಲಿ ನಿರ್ಲಕ್ಷ್ಯ, ಇನ್ನು ಮುಂದೆ ಕೆಳಗಿನ ಕೌಂಟರಿನಲ್ಲಿ ರೋಗಿಗಳ ಚೂರುಗಳ ಡಬ್ಬಿಗಳನ್ನು ಇಸಿದುಕೊಳ್ಳುವ ಕೆಲಸ. ಪತ್ರದಲ್ಲಿದ್ದದ್ದು ನಿಜ. ಅರ್ಧ ನಿಜ ಎಂಬುದೇ ಅವಳನ್ನು ಕುದಿಸಿತು.

ತಮ್ಮನಿಗೆ ರಿಪೋರ್ಟಿಗೆ ಸಹಿಯಾದ ಸಂಜೆಯೇ ಹೇಳಿದ್ದಳು. ಅವನನ್ನು ವಾರ್ಡಿಗೆ ಸೇರಿಸಿದ್ದರು, ಜ್ವರ ಏರಿತ್ತು. ಮಾತ್ರೆ ಶುರುವಾಗುತ್ತದೆ ಎಂಬ ಸುದ್ದಿಗೆ ಅವನ ಹೆಂಡತಿ ಅಳುತ್ತ ಹೊರಗೆ ಫೋನು ಮಾಡಲು ಹೋಗಿದ್ದಳು. ಸುದ್ದಿ ಹೇಳಿ ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ, ಬಾಟಲಿ, ನಗು, ಟ್ರೇ, ಮೊದಲ ಸಾಲು, ಎಲ್ಲ ಹೇಳಿದಳು. ಅವನು ಓರೆ ಕುತ್ತಿಗೆಯಲ್ಲೇ ಕೇಳಿದ.

“ಬಿಳಿಚಿಕೊಂಡಿದ್ದು ನೋಡಿದ್ಯಾ ನೀನು?”

“ನೋಡಿದ್ದೆ.”

“ನಂದು ಅಂತ ಗೊತ್ತಿದ್ರೆ?”

“ಬಾಟಲಿ ಎತ್ತಿ ಅವರ ಮುಖಕ್ಕೆ ಎಸೀತಿದ್ದೆ.”

ಅವನು ಚಾವಣಿ ನೋಡುತ್ತ ಹೇಳಿದ: “ನಂಗೂ ಮ್ಯಾನೇಜರ್ ಇದ್ದಾನೆ ಕಣೇ, ಬಾಯಿಗೆ ಬಂದಂಗೆ ಬಯ್ತಾನೆ. ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ, ಅವನು ಸಿಕ್ಕಿಬೀಳ್ಲಿ ಅಂತ ನಾನು ಲಿಫ್ಟ್ ಬಿಡ್ತೀನಾ? ಒಳಗೆ ನೀನಿಲ್ಲ ತಾನೇ ಅಂತ ನೋಡ್ಕೊಂಡು ಬಿಡ್ತೀನಾ?” ಅವಳು ಮಂಚದ ಕಂಬಿ ಹಿಡಿದುಕೊಂಡಳು. “ಅಪ್ಪನ ವಿಷಯದಲ್ಲಿ ನಿಂಗೆ ಗೊತ್ತಿರ್ಲಿಲ್ಲ, ಅದಕ್ಕೇ ಬಿಟ್ಟೆ. ಇದು ಗೊತ್ತಿತ್ತು ನಿಂಗೆ. ಹೋಗು. ಸ್ವಲ್ಪ ದಿನ ಬರ್ಬೇಡ.” ದನಿ ಏರಿಸಲಿಲ್ಲ. ಅವಳು ಮೆಟ್ಟಿಲಿಳಿಯುವಾಗ ಒಂದು ವಿಚಿತ್ರ ನಡೆಯಿತು: ಎದೆಯೊಳಗಿನ ಉರಿ ತುಸು ಆರಿದಂತಾಯಿತು. ಹನ್ನೊಂದು ತಿಂಗಳಲ್ಲಿ ಸರಿಯಾದ ವಿಳಾಸಕ್ಕೆ ಹೋಗಿ ಮುಟ್ಟಿದ ಸಿಟ್ಟು ಅದೊಂದೇ.

ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಇಪ್ಪತ್ತನೆಯ ದಿನ ತಮ್ಮನ ಹೆಂಡತಿ ಫೋನು ಮಾಡಿ, “ಗಂಟು ಅವರೆಕಾಳಿನಷ್ಟಾಗಿದೆ ಅತ್ತಿಗೆ, ಕುತ್ತಿಗೆ ನೆಟ್ಟಗಾಗಿದೆ” ಅಂದಳು. “ಮಾತಾಡ್ತಾನಾ?” ಎಂದು ಕೇಳಿದಳು. ಆ ಕಡೆ ಸ್ವಲ್ಪ ಹೊತ್ತು ಫೋನಿನ ಬಾಯಿಗೆ ಅಂಗೈ ಮುಚ್ಚಿದ ಸದ್ದು. “ಈಗ ಬೇಡ ಅಂತಾರೆ.”

ಮರುದಿನ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಆ ಇನ್ನೊಂದು ರಿಪೋರ್ಟನ್ನು ಲಕೋಟೆಯಲ್ಲಿಟ್ಟುಕೊಂಡು ಹೊರಟಳು. ಇಷ್ಟು ದಿನ ಅದು ಬ್ಯಾಗಿನಲ್ಲೇ ಇತ್ತು. ಒಂದಲ್ಲ ಒಂದು ನೆಪ ಸಿಗುತ್ತಿತ್ತು. ಕೆಳಗೆ ಬೀಗ ರಿಪೇರಿ ಅಂಗಡಿ, ಪಕ್ಕದಲ್ಲಿ ಇಕ್ಕಟ್ಟಾದ ಮೆಟ್ಟಿಲು, ಎರಡನೆಯ ಮಹಡಿ. ಬಾಗಿಲು ತೆಗೆದ ಹೆಂಗಸು ಅಳತೆಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡಿದ್ದಳು. ಒಳಗೆ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಆಸ್ಪತ್ರೆಯಿಂದ ಬಂದಿದ್ದೇನೆ ಅಂದಾಗ ಅವಳ ಮುಖ ಗಟ್ಟಿಯಾಯಿತು. ಲಕೋಟೆ ಒಡೆದು ಬಾಗಿಲಲ್ಲೇ ನಿಂತು ಓದಿದಳು. ಗಂಡನ ಹೆಸರಿನ ಮೇಲೆ ಬೆರಳು ಹಾದುಹೋಯಿತು, ಕೊನೆಯ ಸಾಲಿನಲ್ಲಿ ನಿಂತಿತು.

“ಪಾಸಿಟಿವ್ ಅಂತಿದೆ,” ಅಂದಳು. “ಹಾಗಂದ್ರೆ ಒಳ್ಳೇದಾ?”

ಉತ್ತರವನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು: ಫ್ರಿಜ್ಜು, ಬಾಟಲಿ, ದೊಡ್ಡ ಡಾಕ್ಟರು, ಆ ಕ್ರಮದಲ್ಲಿ. ಬಾಯಿ ತೆರೆದಾಗ ಕ್ರಮ ತಪ್ಪಿತು. “ಆಗಲೇ ಗೊತ್ತಾಗಿದ್ರೆ ಒಂದು ಮಾತ್ರೆ ಇತ್ತು. ಎಲ್ಲರಿಗೂ ಕೆಲಸ ಮಾಡುತ್ತೆ ಅಂತಿಲ್ಲ. ಆದ್ರೆ ಕೊಟ್ಟು ನೋಡ್ಬಹುದಿತ್ತು. ನಮ್ಮ ಬಣ್ಣ ಕೆಟ್ಟಿತ್ತು, ಇಲ್ಲ ಅಂತ ಬರೆದ್ವಿ.”

“ಕೆಟ್ಟಿದ್ದು ಯಾರಿಗೂ ಕಾಣಿಸ್ಲಿಲ್ವಾ?”

“ನಂಗೆ ಕಾಣಿಸಿತ್ತು.”

ಹೆಂಗಸು ಕೂಗಲಿಲ್ಲ. ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮೇಣದಕ್ಕ ಹೊಡೆತಕ್ಕೆ ಕಾದವಳ ಹಾಗೆ ನಿಂತಳು; ಏಟು ಬಿದ್ದಿದ್ದರೆ ಮೆಟ್ಟಿಲಿಳಿದು ಹೋಗುವುದು ಸುಲಭವಾಗುತ್ತಿತ್ತು. ಬದಲಿಗೆ ಹೆಂಗಸು ಒಳಗೆ ತಿರುಗಿ, “ಅತ್ತೆ, ಇಲ್ಲಿ ಬನ್ನಿ ಸ್ವಲ್ಪ” ಎಂದು ಕರೆದಳು. ಗೋಡೆ ಹಿಡಿದುಕೊಂಡು ಒಬ್ಬ ಮುದುಕಿ ನಿಧಾನವಾಗಿ ಬಂದು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಕಿವಿ ಮಂದವೇನೋ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು. ಸೊಸೆ ಬಾಗಿಲು ಬಿಟ್ಟು ಸರಿದು ನಿಂತಳು, ಕೂತುಕೊಳ್ಳಿ ಅನ್ನಲಿಲ್ಲ.

“ಇವರ ಮಗ ಅವರು,” ಅಂದಳು. “ಮೊದ್ಲಿಂದ ಹೇಳಿ. ಜೋರಾಗಿ ಹೇಳಿ.”

ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಮೊದಲಿನಿಂದ ಹೇಳಲು ತೊಡಗಿದಳು.